ಒಡಕು ಬಿರುಕಿಗೆಂದು ತೆಗೆದಿಟ್ಟ ಹಣ

ಬೇಲೂರಿಗೂ ಹಳೇಬೀಡಿಗೂ ಹೋದವರು ಮದನಿಕೆಯರನ್ನು ನೋಡುತ್ತಾರೆ, ಗೋಡೆಯ ಕೆಳಪಟ್ಟಿಯಲ್ಲಿ ಸಾಲುಗಟ್ಟಿದ ಆನೆಗಳನ್ನು ನೋಡುತ್ತಾರೆ, ಕಂಬಗಳ ನುಣುಪನ್ನು ಕೈಯಿಂದ ಸವರಿ ತಲೆದೂಗುತ್ತಾರೆ. ಶಾಸನದ ಕಲ್ಲಿನ ಎದುರು ನಿಲ್ಲುವವರು ಮಾತ್ರ ವಿರಳ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆ ಲಿಪಿ ಈಗ ಎಲ್ಲರಿಗೂ ಓದಲು ಬಾರದು. ಆದರೆ ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ. ಅದು ದೇವಾಲಯಕ್ಕೆ ಹೇಗೋ ನಮ್ಮ ನಿಮ್ಮ ಮನೆಗಳಿಗೂ ಹಾಗೆಯೇ ಬೇಕಾದ ಮಾತು. ದೇವರ ಅಂಗಭೋಗ ರಂಗಭೋಗಗಳಿಗೆಂದು ಗದ್ದೆ ಬೆದ್ದಲುಗಳನ್ನು ಬಿಟ್ಟುಕೊಡುವಾಗ, ಅದರೊಡನೆಯೇ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದೂ ಬಿಟ್ಟುಕೊಡುತ್ತಿದ್ದರು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು. ಅಂಗಭೋಗವು ಸ್ವಾಮಿಯ ಅಭಿಷೇಕ, ಗಂಧ, ವಸ್ತ್ರಗಳ ವೆಚ್ಚ. ರಂಗಭೋಗವು ಹಾಡು ಕುಣಿತಗಳ ವೆಚ್ಚ. ಮೂರನೆಯದು ಒಡಕು ಬಿರುಕುಗಳ ವೆಚ್ಚ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಗುಡಿ ಹೊಸದು. ಉಳಿಯ ಗುರುತು ಇನ್ನೂ ಮಾಸಿಲ್ಲ. ಆಗಲೇ ಅದನ್ನು ಕಟ್ಟಿಸಿದವರು, ಇದು ಮುಂದೆ ಒಂದು ದಿನ ಬಿರಿಯುತ್ತದೆ, ಆಗ ಯಾರಲ್ಲಿಯೂ ಬೇಡದೆ ಸರಿಮಾಡಲು ಈಗಲೇ ಆದಾಯ ಗೊತ್ತುಮಾಡಿಡೋಣ ಎಂದುಕೊಂಡರು. ಕಲ್ಲಿನ ಕಟ್ಟಡವನ್ನೇ ಹೀಗೆ ನಂಬದೆ ಇದ್ದ ಜನ ಅವರು! ಅವರ ಎಣಿಕೆ ಸುಳ್ಳಾಗಲೂ ಇಲ್ಲ. ಬೇಲೂರಿನ ಗುಡಿಯ ಪ್ರತಿಷ್ಠೆ ನಡೆದದ್ದು ೧೧೧೭ರಲ್ಲಿ. ೧೩೮೧ರಲ್ಲಿ, ವಿಜಯನಗರದ ಹರಿಹರನ ಕಾಲದಲ್ಲಿ, ಒಳಗೆ ಆಸರೆಗಾಗಿ ನಾಲ್ಕು ಕಣಶಿಲೆಯ ಕಂಬಗಳನ್ನು ಕೊಡಬೇಕಾಯಿತು; ೧೩೯೭ರಲ್ಲಿ ಮಹಾದ್ವಾರದ ಗೋಪುರವನ್ನು ಮತ್ತೆ ಕಟ್ಟಬೇಕಾಯಿತು.

ನಮ್ಮ ಮನೆಗಳ ಲೆಕ್ಕಕ್ಕೆ ಬರೋಣ. ಅಂಗಭೋಗ ನಮ್ಮಲ್ಲಿಯೂ ಇದೆ: ಅಕ್ಕಿ, ರಾಗಿ, ಬೇಳೆ, ಹಾಲು, ಬಾಡಿಗೆ, ವಿದ್ಯುತ್ತು, ಶಾಲೆಯ ಫೀಜು. ರಂಗಭೋಗವೂ ಇದೆ: ಹಬ್ಬ, ಮದುವೆ, ಜಾತ್ರೆ, ಸಿನಿಮಾ, ಈಚೆಗೆ ಮನೆಗೆ ಒಂದರ ಬದಲು ನಾಲ್ಕಾಗಿರುವ ಟೆಲಿಫೋನು. ಮೂರನೆಯದು ಮಾತ್ರ ಬಹುಮಂದಿಯ ಲೆಕ್ಕದಲ್ಲಿ ಇಲ್ಲ. ಇದ್ದರೆ ‘ಉಳಿದರೆ ನೋಡೋಣ’ ಎಂಬ ರೂಪದಲ್ಲಿ ಇದೆ. ಉಳಿಯುವುದಿಲ್ಲವೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ಮೂರನೆಯ ಹಣಕ್ಕೆ ಆಪದ್ಧನ ಎಂಬ ಒಳ್ಳೆಯ ಹೆಸರಿದೆ. ಆಪತ್ತಿಗೆಂದು ಇರಿಸಿದ ಧನ. ಇಲ್ಲಿ ಮೊದಲು ತಿಳಿಯಬೇಕಾದುದು ಯಾವುದು ಆಪತ್ತು, ಯಾವುದು ಅಲ್ಲ ಎಂಬುದು. ‘ಏನು ಮಾಡಲಿ ಸ್ವಾಮಿ, ಇದ್ದಕ್ಕಿದ್ದಂತೆ ಖರ್ಚು ಬಂತು’ ಎನ್ನುವವರನ್ನು ವಿಚಾರಿಸಿ ನೋಡಿ. ಹತ್ತರಲ್ಲಿ ಏಳೆಂಟು ಸಲ ಬಂದದ್ದು ಇದ್ದಕ್ಕಿದ್ದಂತೆ ಬಂದದ್ದಲ್ಲ. ಶಾಲೆ ಪ್ರಾರಂಭವಾಗುವುದು ಪ್ರತಿ ವರ್ಷವೂ ಮುಂಗಾರಿನ ಹೊತ್ತಿಗೇ. ಗೌರಿಹಬ್ಬವೂ ದೀಪಾವಳಿಯೂ ಪಂಚಾಂಗದಲ್ಲಿಯೇ ಅಚ್ಚಾಗಿವೆ. ಹೆಂಚು ಸರಿಸಿ ಕೂಡಿಸುವ ಕೆಲಸ ಮಳೆಗೆ ಮುಂಚೆ ಬಂದೇ ಬರುತ್ತದೆ. ಮನೆಗಂದಾಯ, ವಿಮೆಯ ಕಂತು, ಸ್ಕೂಟರಿನ ಚಕ್ರ, ಇವೆಲ್ಲ ತಮ್ಮ ತಮ್ಮ ದಿನಕ್ಕೆ ತಾವೇ ಬಂದು ಬಾಗಿಲು ತಟ್ಟುವ ನೆಂಟರು. ಹಿಂದೆ ರೇಡಿಯೋ ಇಟ್ಟುಕೊಂಡ ಮನೆಯವರು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಪರವಾನಗಿಯ ಶುಲ್ಕ ಕಟ್ಟಬೇಕಾಗಿತ್ತು. ಕೊನೆಯ ದಿನ ಬರುವವರೆಗೆ ಮರೆತಿದ್ದು, ಆ ದಿನ ಅದೊಂದು ಆಕಸ್ಮಿಕವೆಂಬಂತೆ ಗಾಬರಿಯಾಗುತ್ತಿದ್ದ ಮನೆಗಳು ನಮ್ಮ ಬೀದಿಯಲ್ಲಿಯೇ ಹಲವಿದ್ದವು. ಮಗಳ ಮದುವೆಯೂ ಅಷ್ಟೆ. ಅದು ಆಪತ್ತಲ್ಲ, ಅವಳು ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತಿದ್ದ ಸಂಗತಿ.

ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಅರ್ಧ ಗಾಬರಿ ಅಲ್ಲಿಯೇ ಇಳಿಯುತ್ತದೆ. ಉದಾಹರಣೆಗೆ ಅರಸೀಕೆರೆಯಲ್ಲಿ ನೌಕರಿಯಲ್ಲಿರುವ ಒಬ್ಬ ಗೃಹಸ್ಥರ ಮನೆಯನ್ನು ಕಲ್ಪಿಸಿಕೊಳ್ಳಿ. ತಿಂಗಳಿಗೆ ಕೈಗೆ ಬರುವುದು ೩೨,೦೦೦ ರೂಪಾಯಿ. ತಿಂಗಳ ಮಾಮೂಲು ಖರ್ಚು ೨೨,೦೦೦. ವರ್ಷಕ್ಕೊಮ್ಮೆ ಬರುವ ಖರ್ಚುಗಳು ಹೀಗಿವೆ ಎನ್ನೋಣ: ಮಕ್ಕಳ ಫೀಜು ಪುಸ್ತಕಗಳಿಗೆ ೧೮,೦೦೦, ಹಬ್ಬ ಮತ್ತು ಬಟ್ಟೆಗೆ ೧೨,೦೦೦, ಕಂದಾಯ ಹಾಗೂ ವಿಮೆಗೆ ೯,೦೦೦, ಮನೆ ಮತ್ತು ವಾಹನದ ರಿಪೇರಿಗೆ ೧೨,೦೦೦, ನೆಂಟರಿಷ್ಟರ ಮದುವೆ ಮುಂಜಿಗಳಿಗೆ ಹೋಗಿಬರಲು ೯,೦೦೦. ಒಟ್ಟು ೬೦,೦೦೦. ಎಂದರೆ ತಿಂಗಳಿಗೆ ೫,೦೦೦. ಈ ಐದು ಸಾವಿರ ಬ್ಯಾಂಕಿನಲ್ಲಿ ಕಂಡರೂ ಅದು ಅವರ ಹಣವಲ್ಲ. ಮುಂದಿನ ಜೂನ್ ತಿಂಗಳದು, ಮುಂದಿನ ದೀಪಾವಳಿಯದು. ಇದನ್ನು ಉಳಿತಾಯವೆಂದು ತಿಳಿಯುವುದರಿಂದಲೇ ಎಷ್ಟೋ ಮನೆಗಳು ಮೋಸಹೋಗುತ್ತವೆ. ಉಳಿದ ಐದು ಸಾವಿರದಲ್ಲಿ ಹಳೆಯ ಸಾಲದ ಕಂತು ಮೂರು ಸಾವಿರ ಹೋದರೆ ಎರಡು ಸಾವಿರ ನಿಲ್ಲುತ್ತದೆ. ಆಪದ್ಧನಕ್ಕೆ ಬರಬೇಕಾದದ್ದು ಇದರೊಳಗಿನಿಂದ.

ನಿಜವಾದ ಆಪತ್ತುಗಳು ಕೆಲವೇ. ದುಡಿಯುವವರಿಗೆ ಕಾಯಿಲೆ ಅಥವಾ ಮರಣ, ದುಡಿಮೆಯೇ ನಿಂತುಹೋಗುವುದು, ಬೆಳೆ ಹೋಗುವುದು, ಬೆಂಕಿ, ಅಪಘಾತ. ಬರುವುದು ಖಂಡಿತ, ಎಂದು ಬರುವುದೆಂದು ಮಾತ್ರ ಗೊತ್ತಿಲ್ಲ. ಉಪಾಧ್ಯಾಯನಾದ ನನಗೆ ಇವು ಗೊತ್ತಾಗುವುದು ಹಾಜರಿ ಪುಸ್ತಕದಿಂದ. ಒಂಬತ್ತನೆಯ ತರಗತಿಯ ಒಳ್ಳೆಯ ಹುಡುಗ ಎರಡು ವಾರ ಬರುವುದಿಲ್ಲ. ವಿಚಾರಿಸಿದರೆ ತಂದೆ ತೆಂಗಿನ ಮರದಿಂದ ಬಿದ್ದಿದ್ದಾರೆ. ಮೂರನೆಯ ವಾರ ಹುಡುಗ ಯಾವುದೋ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿರುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಒಲೆಯ ಮುಂದೆ ಇರುತ್ತಾಳೆ, ತಾಯಿ ಕೂಲಿಗೆ ಹೊರಟಿರುತ್ತಾಳೆ. ಆಸ್ಪತ್ರೆಯ ವೆಚ್ಚವನ್ನು ಸರ್ಕಾರ ಕೊಟ್ಟಿರಬಹುದು. ಆದರೂ ಮೂರು ತಿಂಗಳ ಅಕ್ಕಿಯ ಹಣವಿಲ್ಲದ್ದರಿಂದ ಒಂದು ಓದು ನಿಂತುಹೋಗುತ್ತದೆ. ಮೂರು ತಿಂಗಳಾದ ಮೇಲೆ ತಂದೆ ಎದ್ದು ಓಡಾಡಿದರೂ ಹುಡುಗ ಶಾಲೆಗೆ ಹಿಂದಿರುಗುವುದು ಅಪರೂಪ.

ಈಗ ನಮ್ಮ ಸೀಮೆಯ ಮೂರು ಬಗೆಯ ಸಂಪಾದನೆಗಳನ್ನು ನೋಡೋಣ. ಆಪದ್ಧನದ ಲೆಕ್ಕ ಮೂವರಿಗೂ ಒಂದೇ ಅಲ್ಲ.

ಅರಸೀಕೆರೆಯ ಕಡೆಯ ತೆಂಗಿನ ಬೆಳೆಗಾರರ ಮನೆಯಲ್ಲಿ ಆಪದ್ಧನ ಅಟ್ಟದ ಮೇಲಿರುತ್ತದೆ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ, ಅಲ್ಲಾಡಿಸಿದರೆ ಲೊಟಲೊಟನೆ ಸದ್ದು ಬರುತ್ತದೆ. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ತಿಪಟೂರಿಗೋ ಅರಸೀಕೆರೆಯ ಮಂಡಿಗೋ ಒಯ್ದರೆ ಹಣ. ಬ್ಯಾಂಕುಗಳು ಹುಟ್ಟುವ ಮೊದಲೇ ನಮ್ಮ ಹಿರಿಯರು ಮಾಡಿಕೊಂಡಿದ್ದ ನಿಶ್ಚಿತ ಠೇವಣಿ ಇದು. ಒಂದು ವರ್ಷದ ಮಟ್ಟಿಗೆ ಮುಟ್ಟಲು ಬಾರದ ಠೇವಣಿ. ಹಾಗೆಂದೇ ಅನೇಕ ಬೆಳೆಗಾರರು ‘ನಮಗೇಕೆ ಆಪದ್ಧನ, ಅಟ್ಟದಲ್ಲಿದೆಯಲ್ಲ’ ಎನ್ನುತ್ತಾರೆ.

ಇದರಲ್ಲಿ ಒಂದು ತೊಡಕಿದೆ. ಸಂಪಾದನೆಗೂ ಆಪದ್ಧನಕ್ಕೂ ಇಲ್ಲಿ ಒಂದೇ ಬೇರು. ೧೯೯೮ರ ಸುಮಾರಿನಿಂದ ನುಸಿಪೀಡೆ ದಕ್ಷಿಣದ ತೆಂಗಿನ ಸೀಮೆಗಳಿಗೆ ಹಬ್ಬಿದಾಗ ಮರದ ಮೇಲಿನ ಕಾಯಿಯೂ ಸೊರಗಿತು, ಅಟ್ಟಕ್ಕೆ ಏರಬೇಕಾದ ಕಾಯಿಯೂ ಕಡಮೆಯಾಯಿತು. ಬರಗಾಲದಲ್ಲಿಯೂ ಹೀಗೆಯೇ ಆಗುತ್ತದೆ. ೨೦೨೩ರಲ್ಲಿ ರಾಜ್ಯದ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಅದೇ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ ೧೧,೭೫೦ ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ಆ ಹೊತ್ತಿನಲ್ಲಿ ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದಾದರೆ ಬೆಳೆಗಾರ ಏನು ಮಾಡಬೇಕು? ಬಂದ ಬೆಲೆಗೆ ಅಟ್ಟ ಖಾಲಿಮಾಡಬೇಕು. ೨೦೨೫ರ ನಡುವಿನ ಹೊತ್ತಿಗೆ ಅದೇ ಕೊಬ್ಬರಿ ೨೦,೦೦೦ ರೂಪಾಯಿ ದಾಟಿತು. ಎರಡು ವರ್ಷ ಕಾಯಿರಿ ಎಂದು ನಾನು ಹೇಳುತ್ತಿಲ್ಲ. ಕೊಬ್ಬರಿ ಅಷ್ಟು ಕಾಲ ಕೆಡದೆ ಇರುವುದೂ ಇಲ್ಲ, ಧಾರಣೆ ಏರುವುದೆಂದು ಯಾರಿಗೂ ಮೊದಲೇ ಗೊತ್ತಿರುವುದೂ ಇಲ್ಲ. ನಾನು ಹೇಳುವುದು ಇಷ್ಟು: ನಲವತ್ತು ಐವತ್ತು ಸಾವಿರ ನಗದು ಬೇರೆಡೆ ಇದ್ದ ಬೆಳೆಗಾರ ಒಂದು ತಿಂಗಳಾದರೂ, ಎರಡು ತಿಂಗಳಾದರೂ ನಿಂತು ನೋಡಬಲ್ಲ. ಇಲ್ಲದವನು ಆ ಸೋಮವಾರವೇ ಗಾಡಿ ಹೂಡಬೇಕು. ಚಿಕ್ಕ ಗಂಟು ದೊಡ್ಡ ಗಂಟನ್ನು ಕಾಯುತ್ತದೆ. ತೆಂಗಿಗೆ ಸಲ್ಲುವ ಈ ಮಾತು ಬೇಲೂರಿನ ಕಡೆಯ ಕಾಫಿಗೂ, ಹಳೇಬೀಡಿನ ಕಡೆಯ ಆಲೂಗಡ್ಡೆಗೂ, ಪೆಟ್ಟಿಗೆಯಲ್ಲಿರುವ ಚಿನ್ನಕ್ಕೂ, ಮನೆಯ ಹಿಂದಿನ ಎರಡು ಗುಂಟೆಗೂ ಸಲ್ಲುತ್ತದೆ.

ಇನ್ನು ದಿನದ ಸಂಪಾದನೆಯವರು. ಬೇಲೂರು ಹಳೇಬೀಡುಗಳಲ್ಲಿ ಗುಡಿಯನ್ನು ತೋರಿಸಿ ವಿವರಿಸುವವರು, ಛಾಯಾಚಿತ್ರ ತೆಗೆಯುವವರು, ಎಳನೀರು, ಚುರುಮುರಿ, ಕಲ್ಲಿನ ಬೊಂಬೆ ಮಾರುವವರು ನೂರಾರು ಮಂದಿ ಇದ್ದಾರೆ. ಇವರ ಲಕ್ಷ್ಮಿ ಪ್ರವಾಸಿಗಳ ಬಸ್ಸಿನಲ್ಲಿ ಬರುತ್ತಾಳೆ. ೨೦೨೦ರ ಮಾರ್ಚ್ ೧೭ರಂದು, ದೇಶಕ್ಕೆಲ್ಲ ಬೀಗ ಬೀಳುವುದಕ್ಕೂ ಒಂದು ವಾರ ಮೊದಲೇ, ಕೇಂದ್ರ ಪುರಾತತ್ತ್ವ ಇಲಾಖೆ ತನ್ನ ರಕ್ಷಣೆಯ ಸ್ಮಾರಕಗಳಿಗೆ ಪ್ರವಾಸಿಗಳು ಬಾರದಂತೆ ಮಾಡಿತು. ಕೊರೋನಾ ರೋಗದ ಕಾಲ ಅದು. ತಿಂಗಳುಗಳಾದ ಮೇಲೆ ಬಾಗಿಲು ತೆರೆದರೂ ಬಸ್ಸುಗಳು ಬರಲಿಲ್ಲ. ಒಂದಿಷ್ಟು ಚೇತರಿಸಿಕೊಳ್ಳುವಷ್ಟರಲ್ಲಿ ೨೦೨೧ರ ಏಪ್ರಿಲ್‌ನಲ್ಲಿ ಮತ್ತೆ ಮುಚ್ಚಿ, ಜೂನ್ ನಡುವಿನ ತನಕ ತೆರೆಯಲಿಲ್ಲ. ೨೦೨೩ರ ಸೆಪ್ಟೆಂಬರ್ ೧೮ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಂತೋಷದ ಸಂಗತಿ. ಆದರೆ ಪಟ್ಟಿಗೆ ಸೇರಿದ ಗುಡಿಯ ಮುಂದೆಯೂ ಆಷಾಢದ ಜಡಿಮಳೆಯಲ್ಲಿ ಎಳನೀರು ಕೊಳ್ಳುವವರಿಲ್ಲ.

ಇಂಥವರಿಗೆ ತಿಂಗಳ ಲೆಕ್ಕ ಒಗ್ಗುವುದಿಲ್ಲ. ದಿನದ ಲೆಕ್ಕ ಒಗ್ಗುತ್ತದೆ. ಮನೆ ನಡೆಯಲು ದಿನಕ್ಕೆ ಕನಿಷ್ಠ ೪೦೦ ರೂಪಾಯಿ ಬೇಕೆಂದಿಟ್ಟುಕೊಳ್ಳಿ. ಅರವತ್ತು ದಿನಕ್ಕೆ ೨೪,೦೦೦. ವ್ಯಾಪಾರ ಚೆನ್ನಾಗಿರುವ ದಿನಗಳು ವರ್ಷದಲ್ಲಿ ೧೬೦ ಸಿಕ್ಕಿದರೆ, ಆ ದಿನಗಳಲ್ಲಿ ಮಾತ್ರ ೧೫೦ ರೂಪಾಯಿಯಂತೆ ತೆಗೆದಿಟ್ಟರೆ ಆ ಮೊತ್ತ ಕೂಡುತ್ತದೆ. ಶಾಲೆಯ ಮಕ್ಕಳ ಪ್ರವಾಸದ ಡಿಸೆಂಬರ್ ತಿಂಗಳಲ್ಲಿ ಮರೆಯದೆ, ಮಳೆಯ ತಿಂಗಳಲ್ಲಿ ಬಲವಂತ ಮಾಡಿಕೊಳ್ಳದೆ ಇಟ್ಟರೆ ಸಾಕು. ಪ್ರತಿದಿನವೂ ಇಡಬೇಕೆಂಬ ವ್ರತ ಹಿಡಿದವರು ಮೊದಲ ಮಳೆಗೇ ವ್ರತಭಂಗ ಮಾಡಿಕೊಂಡು, ಆಮೇಲೆ ಒಳ್ಳೆಯ ದಿನಗಳಲ್ಲಿಯೂ ಇಡುವುದನ್ನು ಬಿಟ್ಟುಬಿಡುತ್ತಾರೆ.

ಮೂರನೆಯವರು ಸಂಬಳಗಾರರು. ಸಂಬಳಗಾರರಿಗೆ ಸಂಬಳವೇ ಭದ್ರತೆ ಎಂಬ ಭಾವನೆ ಬಲವಾಗಿದೆ. ಒಬ್ಬರೇ ದುಡಿಯುವ ಮನೆಯಲ್ಲಿ ಅದು ಒಂದೇ ಕಂಬದ ಮಂಟಪ. ಮೇಲೆ ಹೇಳಿದ ಗೃಹಸ್ಥರ ಮನೆಯಲ್ಲಿ ಹಬ್ಬ ಸಿನಿಮಾಗಳನ್ನು ಬಿಟ್ಟು ಬರಿಯ ಹೊಟ್ಟೆಬಟ್ಟೆ ಬಾಡಿಗೆಗಳಿಗೆ ೧೮,೦೦೦ ಬೇಕೆನ್ನೋಣ. ಮೂರು ತಿಂಗಳಿಗೆ ೫೪,೦೦೦. ತಿಂಗಳಿಗೆ ೧,೫೦೦ ತೆಗೆದಿಟ್ಟರೆ ಮೂವತ್ತಾರು ತಿಂಗಳು, ಎಂದರೆ ಮೂರು ವರ್ಷ ಹಿಡಿಯುತ್ತದೆ. ಬಹಳ ದೀರ್ಘವೆನ್ನುವಿರಾ? ಹೌದು. ಆದರೆ ಮೊದಲ ಹತ್ತು ಸಾವಿರ ಏಳು ತಿಂಗಳಲ್ಲಿ ಕೂಡುತ್ತದೆ, ಮತ್ತು ನಿಮ್ಮನ್ನು ಸಾಲಗಾರನ ಬಾಗಿಲಿಗೆ ಕಳುಹಿಸುವ ಕಷ್ಟಗಳಲ್ಲಿ ಬಹುಪಾಲು ಹತ್ತು ಸಾವಿರದ ಒಳಗಿನವೇ. ಆಪದ್ಧನ ಪೂರ್ತಿಯಾಗುವ ತನಕ ನಿರುಪಯೋಗಿಯಲ್ಲ. ಮೊದಲನೆಯ ತಿಂಗಳಿನಿಂದಲೇ ಅದು ಕೆಲಸಕ್ಕೆ ಬರುತ್ತದೆ.

ಸಾಲದ ಮಾತು ಬಂದುದರಿಂದ ಒಂದು ಲೆಕ್ಕ. ‘ನೂರಕ್ಕೆ ಐದು’ ಎಂದರೆ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ. ಅದು ತಿಂಗಳಿಗೆ ಐದು, ವರ್ಷಕ್ಕೆ ಅರವತ್ತು. ಇಪ್ಪತ್ತು ಸಾವಿರ ತಂದವನು ತಿಂಗಳಿಗೆ ಒಂದು ಸಾವಿರದಂತೆ ವರ್ಷದಲ್ಲಿ ಹನ್ನೆರಡು ಸಾವಿರ ಕೊಟ್ಟ ಮೇಲೂ ಇಪ್ಪತ್ತು ಸಾವಿರದ ಸಾಲಗಾರನೇ. ಗುಂಪುಸಾಲ ಕಿರುಸಾಲಗಳ ವಸೂಲಿಯ ಕಿರುಕುಳ ಎಷ್ಟಕ್ಕೆ ಮುಟ್ಟಿತೆಂದರೆ ೨೦೨೫ರಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಪ್ರತ್ಯೇಕ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅನಿವಾರ್ಯವಾದಾಗ ಬ್ಯಾಂಕಿನಲ್ಲಿ ಚಿನ್ನವಿಟ್ಟು ಪಡೆದ ಸಾಲ ಇದಕ್ಕಿಂತ ಎಷ್ಟೋ ಮೇಲು. ಅಡವಿನ ವಿಷಯದಲ್ಲಿ ನಮ್ಮ ಹೆಂಗಸರಿಗೆ ಸಂಕೋಚವಿದೆ, ನೆರೆಯವರು ಏನೆಂದಾರು ಎಂದು. ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಬಳೆ ಕುಳಿತಿದ್ದರೆ ನೆರೆಯವರಿಗೆ ಕಾಣುವುದಿಲ್ಲ. ಬಡ್ಡಿಯವನು ಬಾಗಿಲಲ್ಲಿ ನಿಂತರೆ ಬೀದಿಗೆಲ್ಲ ಕಾಣುತ್ತದೆ.

ಆಪದ್ಧನವನ್ನು ಎಲ್ಲಿ ಇಡಬೇಕು? ಇಲ್ಲಿ ಬುದ್ಧಿವಂತರೇ ಎಡವುತ್ತಾರೆ. ಈ ಹಣದ ಧರ್ಮ ಬೆಳೆಯುವುದಲ್ಲ, ಕರೆದಾಗ ಬರುವುದು. ಒಂದು ವಾರದ ಖರ್ಚಿನಷ್ಟು ಮನೆಯಲ್ಲಿ ನಗದಾಗಿ ಇರಲಿ. ವಿದ್ಯುತ್ತು ಹೋಗಿ, ಟೆಲಿಫೋನು ಸತ್ತು, ಹಣದ ಯಂತ್ರ ಬಾಗಿಲು ಮುಚ್ಚಿದ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾಗಿ ಬರುತ್ತದೆ. ಉಳಿದುದರಲ್ಲಿ ಒಂದು ಭಾಗ ಮನೆಖರ್ಚಿನ ಖಾತೆಯಲ್ಲದೆ ಬೇರೊಂದು ಉಳಿತಾಯ ಖಾತೆಯಲ್ಲಿರಲಿ. ಮಿಕ್ಕದ್ದು ಬ್ಯಾಂಕಿನ ಠೇವಣಿಯಲ್ಲೋ ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯಲ್ಲೋ ಇರಬಹುದು. ಅಂಚೆಯ ಈ ಠೇವಣಿಯನ್ನು ತಿಂಗಳಿಗೆ ೧೦೦ ರೂಪಾಯಿಯಿಂದ ಆರಂಭಿಸಬಹುದು. ಹನ್ನೆರಡು ಕಂತು ತುಂಬಿದ ಮೇಲೆ ಅಗತ್ಯಬಿದ್ದರೆ ಕಟ್ಟಿದ ಹಣದ ಅರ್ಧದವರೆಗೆ ಸಾಲವಾಗಿ ಪಡೆಯುವ ಅನುಕೂಲವೂ ಉಂಟು. ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಇನ್ನೂರನ್ನು ಇದಕ್ಕೆ ಕಟ್ಟುವ ಗೃಹಿಣಿಯರನ್ನು ಬಲ್ಲೆ. ಅವರ ಲೆಕ್ಕಶಕ್ತಿಯ ಮುಂದೆ ನಮ್ಮಂಥ ಪಂಡಿತರು ಕೈಮುಗಿಯಬೇಕು.

ಬೇರೆ ಖಾತೆಯೇಕೆ ಎಂದು ಕೇಳುವಿರಿ. ಹಿಂದಿನವರು ದತ್ತಿಯ ಹಣಕ್ಕೆ ಯಾರೂ ಕೈಹಾಕದಿರಲೆಂದು ಶಾಸನದ ಕೊನೆಗೆ ಶಾಪ ಬರೆಸುತ್ತಿದ್ದರು. ಇದನ್ನು ಅಪಹರಿಸಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗಲಿ ಎಂಬುದಾಗಿ. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಶಾಪ ಹಾಕಲಾದೀತೆ? ಮುಖ್ಯವಾಗಿ, ಕೈಹಾಕುವವರು ನಾವೇ. ಆದುದರಿಂದ ಬೇರೆ ಪಾಸ್ ಪುಸ್ತಕವೇ ನಮ್ಮ ಶಾಪ. ಹೊಸ ಟೆಲಿವಿಷನ್ನು ಕಣ್ಣಿಗೆ ಬಿದ್ದ ದಿನ ಆ ಹಣ ಕೈಗೆ ಸುಲಭವಾಗಿ ಸಿಗಬಾರದು, ಅಷ್ಟೆ.

ಬಡ್ಡಿ ಒಂದು ಎರಡು ಹೆಚ್ಚು ಸಿಗುತ್ತದೆಂದು ಸೊಸೈಟಿಗಳಲ್ಲಿ ಇಡುವವರು ಇದ್ದಾರೆ. ಒಳ್ಳೆಯ ಸಂಘಗಳು ಇವೆ. ಅವು ಊರಿಗೆ ಉಪಕಾರ ಮಾಡಿವೆ. ಆದರೆ ಒಂದು ಭೇದವನ್ನು ತಿಳಿದಿರಬೇಕು. ೧೯೬೦ರಲ್ಲಿ ಕೇರಳದ ಪಲೈ ಸೆಂಟ್ರಲ್ ಬ್ಯಾಂಕು ಮುಳುಗಿ ಠೇವಣಿದಾರರು ಬಾಯಿಬಡಿದುಕೊಂಡ ಮೇಲೆ, ೧೯೬೨ರ ಜನವರಿ ೧ರಿಂದ ನಮ್ಮ ದೇಶದಲ್ಲಿ ಬ್ಯಾಂಕು ಠೇವಣಿಗಳಿಗೆ ವಿಮೆ ಬಂತು. ಆಗ ಅದರ ಮಿತಿ ಒಬ್ಬರಿಗೆ ೧,೫೦೦ ರೂಪಾಯಿ. ೨೦೨೦ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷ. ಈ ವಿಮೆ ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಉಂಟು, ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬಾಗಿಲಿನ ಮೇಲಿನ ಫಲಕವನ್ನು ಒಮ್ಮೆ ಓದಿ ಒಳಗೆ ಹೋಗಿ. ವಿಮೆ ಇದ್ದಲ್ಲಿಯೂ ಹಣ ಮರುದಿನವೇ ಬಾರದು. ೨೦೨೦ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಸಿಕ್ಕಿದ್ದು ೩೫,೦೦೦ ರೂಪಾಯಿ ಮಾತ್ರ. ಆಪದ್ಧನವೆಲ್ಲ ಒಂದೇ ಕಡೆ ಬೇಡವೆನ್ನುವುದು ಇದಕ್ಕೇ. ಚೀಟಿಯ ವಿಷಯ ಹೆಚ್ಚು ಹೇಳುವುದಿಲ್ಲ. ನೋಂದಣಿಯಾದ ಚೀಟಿ ಮಗನ ಕಾಲೇಜಿಗೆ ಒಳ್ಳೆಯದು. ನಡುರಾತ್ರಿಯ ಆಂಬುಲೆನ್ಸಿಗೆ ಅಲ್ಲ.

ಎಷ್ಟು ಕೂಡಿಟ್ಟರೂ ಹೊರಲಾಗದ ಭಾರಗಳು ಕೆಲವಿವೆ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರು, ಗೃಹಸ್ಥನ ಸಾವು. ಇವನ್ನು ಆಪದ್ಧನದ ಮೇಲೆ ಹೇರಬಾರದು. ಇದಕ್ಕೆ ವಿಮೆಯೇ ದಾರಿ. ವಿಮೆಯೆಂದರೆ ಪರದೇಶದ ಸರಕೆಂದು ಮೂಗುಮುರಿಯುವವರಿಗೆ ನೆನಪಿರಲಿ, ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ೧೮೯೧ರಲ್ಲಿಯೇ ಜೀವವಿಮೆಯನ್ನು ಏರ್ಪಡಿಸಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ, ಎ.ಪಿ.ಎಲ್. ಕುಟುಂಬಕ್ಕೆ ಗೊತ್ತಾದ ವೆಚ್ಚದ ಶೇಕಡ ೩೦ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸಹಕಾರ ಸಂಘಗಳ ಸದಸ್ಯರಿಗಾಗಿ ೨೦೦೩ರಲ್ಲಿ ಹುಟ್ಟಿದ ಯಶಸ್ವಿನಿ ನಡುವೆ ನಿಂತುಹೋಗಿ ೨೦೨೩ರಲ್ಲಿ ಮತ್ತೆ ಆರಂಭವಾಯಿತು. ಅದಕ್ಕೆ ಹೆಸರು ಬರೆಸುವ ಅವಧಿ ವರ್ಷದಲ್ಲಿ ಒಂದಷ್ಟು ದಿನ ಮಾತ್ರ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿಡಿ. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ಇದೆಯೆಂಬುದು ಮರದ ಮೇಲಿರುವವರಿಗೇ ಗೊತ್ತಿಲ್ಲ. ತೋಟದ ಯಜಮಾನರು ಹೇಳಬೇಕು.

ಆದರೆ ಕಾರ್ಡು ಆಸ್ಪತ್ರೆಯ ಬಿಲ್ಲನ್ನು ತೀರಿಸುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತವರ ಖರ್ಚನ್ನು ತೀರಿಸುವುದಿಲ್ಲ. ಅರಸೀಕೆರೆಯಿಂದಲೋ ಬೇಲೂರಿನಿಂದಲೋ ಹಾಸನದ ದೊಡ್ಡಾಸ್ಪತ್ರೆಗೆ ನಲವತ್ತು ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಮೈಸೂರಿಗೋ ಬೆಂಗಳೂರಿಗೋ ಕಳುಹಿಸಿದರೆ ಕಾರಿನ ಬಾಡಿಗೆ, ರೋಗಿಯ ಜತೆಗಿರುವವರ ಊಟ, ಹೊರಗಿನ ಔಷಧದಂಗಡಿ, ನಿಂತುಹೋದ ಕೂಲಿ, ಮನೆಯಲ್ಲಿ ಹಸುವಿಗೆ ಹುಲ್ಲು ಹಾಕಲು ಹಿಡಿದ ಆಳು. ಇವೆಲ್ಲ ಕೂಡಿ ಹದಿನೈದು ದಿನದಲ್ಲಿ ಎಷ್ಟಾಗುತ್ತದೆಂಬುದನ್ನು ಅನುಭವಿಸಿದವರು ಬಲ್ಲರು. ಆಪದ್ಧನದ ನಿಜವಾದ ಕೆಲಸ ಇಲ್ಲಿ.

ಕೊನೆಯದಾಗಿ ಕಾಗದಪತ್ರಗಳ ಸಂಗತಿ. ಹಣವಿದ್ದೂ ಇಲ್ಲದಂತಾಗುವ ವಿಚಿತ್ರವನ್ನು ನಮ್ಮ ಮನೆಗಳಲ್ಲಿ ನೋಡುತ್ತೇವೆ. ಯಜಮಾನರು ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಿರುತ್ತಾರೆ. ಒಂದು ದಿನ ತಲೆಯೇ ಇರುವುದಿಲ್ಲ. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗಿ ಸೇರುತ್ತವೆ. ಅಂಥವನ್ನು ಹುಡುಕಲೆಂದು ೨೦೨೩ರಲ್ಲಿ ‘ಉದ್ಗಮ್’ ಎಂಬ ಅಂತರ್ಜಾಲದ ತಾಣವನ್ನೇ ತೆರೆಯಬೇಕಾಯಿತು ಎಂದ ಮೇಲೆ ಮರೆತ ಗಂಟುಗಳು ಎಷ್ಟಿರಬೇಕು! ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ೨೦೧೭ರಲ್ಲಿ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಟ್ರಂಕಿನ ತಳದಲ್ಲಿ ಹಳೆಯ ಹೆಸರಿನ ಪಾಸ್ ಪುಸ್ತಕ ಸಿಕ್ಕಿದ ವಿಧವೆಗೆ ಅದು ಇನ್ನೂ ಜೀವಂತವೆಂದು ಯಾರು ಹೇಳಬೇಕು?

ನೂರು ಪುಟದ ಒಂದು ನೋಟುಪುಸ್ತಕ ಸಾಕು. ಯಾವ ಬ್ಯಾಂಕು, ಯಾವ ಶಾಖೆ, ಯಾವ ವಿಮೆ, ಕಂತು ಯಾವ ತಿಂಗಳು, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು, ಮನೆಯ ಪತ್ರ ಎಲ್ಲಿದೆ ಎಂದು ಬರೆದಿಡಿ. ರಹಸ್ಯ ಸಂಖ್ಯೆಗಳನ್ನು ಅದರಲ್ಲಿ ಬರೆಯಬೇಡಿ; ಆದರೆ ಗಂಡನ ಟೆಲಿಫೋನಿನೊಳಗೆ ಮಾತ್ರ ಹಣ ಇರುವಂತೆಯೂ ಮಾಡಿಕೊಳ್ಳಬೇಡಿ. ಆಪದ್ಧನದ ಖಾತೆ ಗಂಡಹೆಂಡಿರ ಜಂಟಿ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯುವಂತೆ ಇರಲಿ. ಪ್ರತಿಯೊಂದಕ್ಕೂ ನಾಮಿನಿಯ ಹೆಸರು ಇದೆಯೇ ನೋಡಿ. ೨೦೨೫ರ ನವೆಂಬರ್ ೧ರಿಂದ ಒಂದು ಬ್ಯಾಂಕು ಖಾತೆಗೆ ನಾಲ್ವರವರೆಗೆ ಹೆಸರಿಸಲು ಅವಕಾಶವಾಗಿದೆ. ನಾಮಿನಿ ಎಂದರೆ ವಾರಸುದಾರನೆಂದೇ ಅರ್ಥವಲ್ಲ. ಹಣವನ್ನು ಕೈಯೊಡ್ಡಿ ತೆಗೆದುಕೊಂಡು ಹಕ್ಕುದಾರರಿಗೆ ಮುಟ್ಟಿಸಬೇಕಾದವನು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿ, ಆಕೆ ಕಾಲವಾಗಿ ಹತ್ತು ವರ್ಷವಾದರೂ ಬದಲಾಯಿಸದ ಪುಸ್ತಕಗಳು ಬಹಳ ಇವೆ.

ಇನ್ನೊಂದು ಚಿಕ್ಕ ವಿಷಯ. ಪ್ರಧಾನಮಂತ್ರಿಗಳ ಹೆಸರಿನ ಎರಡು ವಿಮೆಗಳು ೨೦೧೫ರಿಂದ ಬ್ಯಾಂಕು ಅಂಚೆ ಖಾತೆಗಳ ಮೂಲಕ ನಡೆಯುತ್ತಿವೆ. ಜೀವನ ಜ್ಯೋತಿಗೆ ವರ್ಷಕ್ಕೆ ೪೩೬ ರೂಪಾಯಿ, ಹದಿನೆಂಟರಿಂದ ಐವತ್ತು ವರ್ಷದವರು ಸೇರಬಹುದು. ಸುರಕ್ಷಾ ಎಂಬ ಅಪಘಾತ ವಿಮೆಗೆ ೨೦ ರೂಪಾಯಿ, ಎಪ್ಪತ್ತರವರೆಗೂ ಉಂಟು. ಎರಡಕ್ಕೂ ಎರಡೆರಡು ಲಕ್ಷದ ರಕ್ಷಣೆ. ಇವುಗಳ ವರ್ಷ ಜೂನ್ ೧ಕ್ಕೆ ಆರಂಭವಾಗುತ್ತದೆ; ಹಣವನ್ನು ಖಾತೆಯಿಂದ ಬ್ಯಾಂಕಿನವರೇ ಮೇ ತಿಂಗಳ ಕೊನೆಯಲ್ಲಿ ಮುರಿದುಕೊಳ್ಳುತ್ತಾರೆ. ಆ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ರಕ್ಷಣೆ ನಿಂತುಹೋಗುತ್ತದೆ. ಶಾಲೆ ತೆರೆಯುವ ಗಡಿಬಿಡಿಯಲ್ಲಿ ಖಾತೆ ಬರಿದಾಗುವುದೂ ಆ ವಾರದಲ್ಲಿಯೇ. ಮೇ ೨೦ರ ಹೊತ್ತಿಗೆ ೪೫೬ ರೂಪಾಯಿ ಬೇರೆ ಇರುವಂತೆ ನೋಡಿಕೊಳ್ಳಿ. ಜೂನ್ ಮೊದಲ ವಾರ ಪಾಸ್ ಪುಸ್ತಕ ತುಂಬಿಸಿ, ಆ ಎರಡು ಸಾಲು ಬಿದ್ದಿವೆಯೇ ಎಂದು ಕಣ್ಣಾರೆ ಕಂಡು, ನೋಟುಪುಸ್ತಕದಲ್ಲಿ ತಾರೀಖು ಬರೆದುಕೊಳ್ಳಿ.